ರೆಡಿ ಅನ್ನಬೇಡ

ನನ್ನ ಮದುವೆಯ ಆಲ್ಬಮ್ಮಿನಲ್ಲಿ ನಾನಿರುವ ಫೋಟೋಗಳು ಅರವತ್ತೆಂಟು. ಅರವತ್ತೆಂಟರಲ್ಲೂ ನನ್ನ ಕಣ್ಣು ಮುಚ್ಚಿದೆ. ಧಾರೆಯ ಹೊತ್ತಿನಲ್ಲಿ ಮುಚ್ಚಿದ್ದನ್ನು ಭಕ್ತಿ ಎಂದುಕೊಳ್ಳಬಹುದು. ಊಟದ ಎಲೆಯ ಮುಂದೆಯೂ ಮುಚ್ಚಿದೆ, ಹೋಳಿಗೆ ಬಡಿಸುತ್ತಿರುವಾಗ. ನಮ್ಮ ಅತ್ತೆಯವರು ಆ ಆಲ್ಬಮ್ಮನ್ನು ನೆಂಟರಿಗೆಲ್ಲ ತೋರಿಸಿ, "ಹುಡುಗಿಗೆ ತುಂಬ ನಾಚಿಕೆ" ಎಂದು ಸಂತೋಷಪಟ್ಟರು. ಆರು ತಿಂಗಳಲ್ಲಿ ಅವರಿಗೆ ನಿಜ ತಿಳಿಯಿತು, ಅದು ಬೇರೆ ಮಾತು.

ನಾನು ಗೋದಾ. ಚಾಮರಾಜಪೇಟೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಲೆಕ್ಕ ಕಲಿಸಿ, ಕೊನೆಯ ಆರು ವರ್ಷ ಹೆಡ್‌ಮಿಸ್ ಆಗಿದ್ದು ನಿವೃತ್ತಳಾದವಳು. ಬೀದಿಯವರೆಲ್ಲ ಈಗಲೂ ನನ್ನನ್ನು ಮಿಸ್ ಎಂದೇ ಕರೆಯುತ್ತಾರೆ. ನನಗೆ ಕೋಪ ಬೇಗ ಬರುತ್ತದೆ ಎಂದು ಹೇಳುವವರಿದ್ದಾರೆ. ಬೇಗ ಬರುವುದು ನಿಜ, ಆದರೆ ಕಾರಣವಿಲ್ಲದೆ ಬಂದದ್ದು ನನಗೆ ನೆನಪಿಲ್ಲ. ಹೆದರಿಕೆಯಂತೂ ಯಾವತ್ತೂ ಇರಲಿಲ್ಲ. ಎಸ್ಸೆಸ್ಸೆಲ್ಸಿ ಹುಡುಗಿಯರ ಎದುರು ನಿಂತವಳಿಗೆ ಇನ್ನೆಂಥ ಹೆದರಿಕೆ? ಹಾಗಿದ್ದೂ ಕ್ಯಾಮೆರಾದ ಹಿಂದಿನಿಂದ ಯಾರಾದರೂ "ರೆಡಿ" ಎಂದರೆ ಸಾಕು, ನನ್ನ ರೆಪ್ಪೆಗಳು ತಾವಾಗಿ ಮುಚ್ಚಿಕೊಳ್ಳುತ್ತವೆ.

ಇದರಿಂದ ಆದ ಅವಮಾನ ಒಂದೆರಡಲ್ಲ. ನಮ್ಮ ಸ್ಕೂಲಿನ ಹಾಲಿನಲ್ಲಿ ಹಿಂದಿನ ಹೆಡ್‌ಮಿಸ್‌ಗಳ ಫೋಟೋಗಳನ್ನು ಸಾಲಾಗಿ ತೂಗುಹಾಕಿದ್ದಾರೆ. ನಾನು ನಿವೃತ್ತಳಾದಾಗ ನನ್ನದನ್ನೂ ಕಟ್ಟು ಹಾಕಿಸಿ ಏರಿಸಿದರು. ಕಣ್ಣು ಮುಚ್ಚಿದ ಹೆಂಗಸು, ಸುತ್ತ ಮರದ ಚೌಕಟ್ಟು. ಒಂದೇ ವಾರದಲ್ಲಿ ಯಾರೋ ಪುಣ್ಯಾತ್ಗಿತ್ತಿ ಅದಕ್ಕೆ ಗಂಧದ ಹಾರ ಹಾಕಿದಳು. ಮಗಳನ್ನು ಸೇರಿಸಲು ಬಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅದರ ಮುಂದೆ ನಿಂತು ಅತ್ತು, "ಯಾವಾಗ ಹೋದ್ರು?" ಎಂದು ಕೇಳಿದಳಂತೆ. ಆವತ್ತು ನಾನು ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ವಿಷಯ ತಿಳಿದ ಕೂಡಲೇ ಹೋಗಿ ಫೋಟೋ ಇಳಿಸಿ ಮನೆಗೆ ತಂದೆ. ಅಲ್ಲಿಂದ ಈಚೆಗೆ ಆ ಜಾಗದಲ್ಲಿ ಮೊಳೆ ಮಾತ್ರ ಇದೆ.

ನಮ್ಮ ರಸ್ತೆಯ ಫೋಟೋ ಸ್ಟುಡಿಯೋದ ಮಧುಸೂದನ್ ಒಮ್ಮೆ ಕಂಪ್ಯೂಟರಿನಲ್ಲಿ ನನ್ನ ಕಣ್ಣು ತೆರೆಸಿ ತಂದಿದ್ದ. ನೋಡಿದರೆ ಯಾವುದೋ ಪರಿಚಯದ ಕಣ್ಣು. ಕೊನೆಗೆ ಗೊತ್ತಾಯಿತು, ಈಗಿನ ಹೆಡ್‌ಮಿಸ್ ಶೈಲಜಮ್ಮನ ಕಣ್ಣು. ನನ್ನ ಜಾಗದಲ್ಲಿ ಅವರು ಕೂತದ್ದೇ ಸಾಲದೆ ನನ್ನ ಮುಖದಲ್ಲೂ ಕೂರಬೇಕೇ ಎಂದು ಅದನ್ನು ವಾಪಸು ಕಳಿಸಿದೆ.

ಇಷ್ಟು ನನ್ನ ಕಥೆ. ಇನ್ನು ನನ್ನ ಅಣ್ಣನ ಮಗಳು ಆರಾಧನಾಳದು.

ಆರಾಧನಾ ಇಲ್ಲಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ವಿಜ್ಞಾನಿ. ಅವಳ ಕೆಲಸವೂ ಒಂದು ಬಗೆಯ ಫೋಟೋ ತೆಗೆಯುವುದೇ, ಎಕ್ಸ್‌ರೇಯಲ್ಲಿ. ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿನಷ್ಟು ಸಣ್ಣ ಬೆಳ್ಳಿಯ ಕಣ. ಅದರ ಮೇಲೆ ಬೆಳಕು ಬಿದ್ದು ಅದು ಕರಗುತ್ತಿರುವಾಗ ಒಳಗೆ ಏನಾಗುತ್ತದೆ ಎಂದು ಅವಳಿಗೆ ನೋಡಬೇಕು. ತೊಂದರೆ ಏನೆಂದರೆ, ಅಷ್ಟು ಸಣ್ಣದನ್ನು ಕಾಣಿಸುವಷ್ಟು ಜೋರಾದ ಎಕ್ಸ್‌ರೇ ಬಿದ್ದರೆ ಕಣವೇ ಸಿಡಿದು ಹೋಗುತ್ತದೆ.

"ಮತ್ತೆ ಫೋಟೋ ಯಾರದ್ದು ತೆಗೀತೀಯ?" ಎಂದು ನಾನು ಕೇಳಿದ್ದೆ.

"ಸಿಡಿಯೋಕೂ ಸ್ವಲ್ಪ ಟೈಮ್ ಬೇಕಲ್ಲ ಅತ್ತೆ. ತನಗೆ ಏನೋ ಆಯ್ತು ಅಂತ ಅದಕ್ಕೆ ಗೊತ್ತಾಗೋದ್ರೊಳಗೆ ನಮ್ಮ ಫೋಟೋ ಮುಗ್ದಿರತ್ತೆ."

ಎಷ್ಟು ಹೊತ್ತು ಎಂದು ಕೇಳಿ, ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿ ನೋಡಿದೆ. ನಾನು ಒಮ್ಮೆ ಕಣ್ಣು ಮಿಟುಕಿಸುವ ಹೊತ್ತನ್ನು ಒಂದು ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲನ್ನು ತೆಗೆದು ಮತ್ತೆ ಹತ್ತು ಲಕ್ಷ ಪಾಲು ಮಾಡಬೇಕು. ಅಷ್ಟು ಹೊತ್ತಿನಲ್ಲಿ ಅವಳ ಫೋಟೋ ಮುಗಿಯುತ್ತದೆ. ನನ್ನ ರೆಪ್ಪೆಗೆ ಮೊದಲ ಸಲ ಒಬ್ಬ ಸರಿಯಾದ ಎದುರಾಳಿ ಸಿಕ್ಕಿದಂತಾಯಿತು.

ಅಂಥ ಎಕ್ಸ್‌ರೇ ಕೊಡುವ ಯಂತ್ರ ಯುರೋಪಿನಲ್ಲಿದೆ, ನೆಲದ ಕೆಳಗೆ ಮೈಲಿಗಟ್ಟಲೆ ಉದ್ದಕ್ಕೆ. ಪ್ರಪಂಚದವರೆಲ್ಲ ಅದಕ್ಕೆ ಅರ್ಜಿ ಹಾಕಿ ಕಾಯುತ್ತಾರೆ. ಆರಾಧನಾ ಎರಡು ವರ್ಷ ಕಾದ ಮೇಲೆ ಅವಳಿಗೆ ಸಿಕ್ಕಿದ್ದು ಹನ್ನೆರಡು ಗಂಟೆ. ಆ ಹನ್ನೆರಡು ಗಂಟೆ ವ್ಯರ್ಥವಾದರೆ ಮತ್ತೆ ಎರಡು ವರ್ಷ ಕಾಯಬೇಕು. ಆದರೆ ಅವಳ ಪ್ರಾಜೆಕ್ಟು ಬರುವ ಮಾರ್ಚಿಗೇ ಮುಗಿಯುತ್ತದೆ. ಅಂದರೆ ಅವಳಿಗೆ ಇದ್ದದ್ದು ಇದೊಂದೇ ಅವಕಾಶ.

ಹೊರಡಲು ಹತ್ತು ದಿನವಿರುವಾಗ ಗಾಂಧಿ ಬಜಾರಿನಲ್ಲಿ ಫುಟ್‌ಪಾತಿನ ಎದ್ದ ಕಲ್ಲಿಗೆ ಎಡವಿ ಬಿದ್ದು ಕಾಲು ಮುರಿದುಕೊಂಡಳು. ನರ್ಸಿಂಗ್ ಹೋಮಿನಲ್ಲಿ "ಅಲ್ಲಾಡ್ಬೇಡಿ" ಎಂದು ಹೇಳಿ ಮಾಮೂಲಿ ಎಕ್ಸ್‌ರೇ ತೆಗೆದರು. ಹುಡುಗಿ ನೋವಿನಲ್ಲೂ ನಗುತ್ತಿದ್ದಳು. ವಿಮಾನ ಹತ್ತಕೂಡದು ಎಂದು ಡಾಕ್ಟರು ಹೇಳಿದ ಮೇಲೆ ನಗು ನಿಂತಿತು. ಅವಳ ಮನೆ ಕುಮಾರ ಪಾರ್ಕಿನಲ್ಲಿ ಲಿಫ್ಟ್ ಇಲ್ಲದ ಮೂರನೇ ಮಹಡಿ, ಆದ್ದರಿಂದ ನಮ್ಮ ಮನೆಗೆ ಕರೆದುಕೊಂಡು ಬಂದೆವು. ಯುರೋಪಿಗೆ ಅವಳ ಜೊತೆ ಕೆಲಸ ಮಾಡುವ ಕಶ್ಯಪ್ ಒಬ್ಬನೇ ಹೋದ. ಇವಳು ನಮ್ಮ ಹಾಲಿನಲ್ಲಿ ಪ್ಲಾಸ್ಟರ್ ಕಾಲನ್ನು ಸ್ಟೂಲಿನ ಮೇಲಿಟ್ಟು, ಎರಡು ಕಂಪ್ಯೂಟರ್ ಮುಂದಿಟ್ಟುಕೊಂಡು ಕೂತಳು.

ಶುಕ್ರವಾರ, ಅಲ್ಲಿ ಬೆಳಿಗ್ಗೆ ಏಳು ಗಂಟೆ, ಇಲ್ಲಿ ಹತ್ತೂವರೆ. ಸರಿಯಾಗಿ ರಾಹುಕಾಲದ ಆರಂಭ. ನಮ್ಮ ಯಜಮಾನರು ಶೀನಣ್ಣ ಅದನ್ನು ಹೇಳದೆ ಬಿಡಲಿಲ್ಲ.

"ಅಲ್ಲಿ ಸೂರ್ಯ ಹುಟ್ಟೋ ಹೊತ್ತು ಬೇರೆ, ರಾಹುಕಾಲಾನೂ ಬೇರೆ. ಸುಮ್ನೆ ಇರಿ" ಎಂದೆ.

"ಯಂತ್ರ ಅಲ್ಲಿದೆ, ಹುಡುಗಿ ಇಲ್ಲಿದಾಳಲ್ಲೇ. ಯಾರ ರಾಹುಕಾಲ ಹಿಡಿಯೋದು?"

ನಾನು ಅವರನ್ನು ಕಾಫಿ ಪುಡಿ ತರಲು ಕಳಿಸಿದೆ.

ಕಂಪ್ಯೂಟರಿನಲ್ಲಿ ಕಶ್ಯಪನ ಮುಖ ಕಾಣಿಸಿತು. ಅವನ ಹಿಂದೆ ತಂತಿಗಳ ರಾಶಿ. ಬೆಳ್ಳಿಯ ಕಣಗಳನ್ನು ನೀರಿನಲ್ಲಿ ಬೆರೆಸಿ, ಗಾಜಿನ ಸೂಜಿಯೊಂದರ ತೂತಿನಿಂದ ಬಿಡುತ್ತಾರೆ. ಪುಟ್ಟ ಬಿಲ್ಲೆಯೊಂದು ಆ ಸೂಜಿಯನ್ನು ಒಂದೇ ತಾಳದಲ್ಲಿ ಅಲುಗಿಸುತ್ತದೆ, ನೀರಿನ ಎಳೆ ಒಡೆದು ಹನಿ ಹನಿಯಾಗಿ ಬೀಳುತ್ತದೆ. ಹನಿ ದಾರಿಯಲ್ಲಿರುವಾಗಲೇ ಎಕ್ಸ್‌ರೇ ಅದಕ್ಕೆ ಬಡಿಯಬೇಕು. ಆ ಸೂಜಿಯನ್ನು ಮಾಡಿದ್ದು ಇಲ್ಲಿಯೇ, ಆರಾಧನಾಳ ಲ್ಯಾಬಿನಲ್ಲಿ. ಕಶ್ಯಪ್ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೋಗಿದ್ದ.

"ಹನಿ ಸರಿಯಾಗಿ ಗುರಿಯಲ್ಲೇ ಬೀಳ್ತಿದೆ ಆರಾಧನಾ. ಶುರು ಮಾಡ್ತೀನಿ" ಎಂದ ಕಶ್ಯಪ್.

ಪರದೆಯ ಮೂಲೆಯಲ್ಲಿ ಒಂದು ಅಂಕಿ ಇತ್ತು. ಎಷ್ಟು ಹನಿಗೆ ಎಕ್ಸ್‌ರೇ ತಾಗಿತು ಎಂಬ ಎಣಿಕೆ. ಅದು ಸೊನ್ನೆ. ಐದು ನಿಮಿಷ ಕಳೆದರೂ ಸೊನ್ನೆ. ಎಕ್ಸ್‌ರೇ ನಿಲ್ಲಿಸಿ ನೋಡಿದರೆ ಹನಿ ಗುರಿಯಲ್ಲೇ ಬೀಳುತ್ತದೆ. ಹೊಡೆಯಲು ಶುರು ಮಾಡಿದರೆ ಒಂದೂ ತಾಗುವುದಿಲ್ಲ. ಸೂಜಿಯನ್ನು ಮೇಲೆ ಮಾಡಿದರು, ಕೆಳಗೆ ಮಾಡಿದರು. ಹನ್ನೆರಡು ಗಂಟೆ ದಾಟಲಿ, ತಾನೇ ಸರಿಹೋಗುತ್ತದೆ ಎಂದು ಶೀನಣ್ಣ ಗಡಿಯಾರ ನೋಡುತ್ತ ಕೂತರು. ಹನ್ನೆರಡು ದಾಟಿತು, ರಾಹುವೂ ಹೋದ, ಸೊನ್ನೆ ಮಾತ್ರ ಹೋಗಲಿಲ್ಲ. ಆಮೇಲೆ ಅವರು ಆ ವಿಷಯ ಎತ್ತಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಆರಾಧನಾಳ ಮುಖ ನೋಡಲಾಗುತ್ತಿರಲಿಲ್ಲ. ತಟ್ಟೆಯಲ್ಲಿ ಹುಳಿಯನ್ನ ಹಾಗೇ ಒಣಗುತ್ತಿತ್ತು. ಅಲ್ಲಿನ ಯಂತ್ರದವರು ನಿಮ್ಮ ಬೆಂಗಳೂರಿನ ಸೂಜಿಯದೇ ದೋಷವಿರಬೇಕು ಎಂದು ನಯವಾಗಿ ಹೇಳಿದರಂತೆ. ಚಿಕ್ಕಂದಿನಲ್ಲಿ ಭಾಗಾಕಾರದಲ್ಲಿ ಶೇಷ ಉಳಿದರೆ ಊಟ ಬಿಟ್ಟು ಕೂರುತ್ತಿದ್ದ ಮಗು ಇದು. ಆಗ ನಾನು ಹೇಳಿಕೊಡುತ್ತಿದ್ದೆ. ಈಗ ನಾನು ತಟ್ಟೆ ಎತ್ತಬಹುದಿತ್ತು, ಅಷ್ಟೇ.

ಅಷ್ಟರಲ್ಲಿ ಮಧುಸೂದನ್ ಕ್ಯಾಮೆರಾ ಚೀಲ ಹೆಗಲಿಗೇರಿಸಿಕೊಂಡು ಬಂದ. ಭಾನುವಾರ ಸ್ಕೂಲಿನ ವಾರ್ಷಿಕೋತ್ಸವ. ಅಷ್ಟರೊಳಗೆ ಆ ಮೊಳೆಗೆ ಒಂದು ಫೋಟೋ ಹಾಕಿಸಿಯೇ ಸಿದ್ಧ ಎಂದು ಶೈಲಜಮ್ಮ ಇವನಿಗೆ ಹೇಳಿಬಿಟ್ಟಿದ್ದರು.

"ಇವತ್ತು ಬೇಡ ಕಣೋ, ನೋಡ್ತಿದೀಯಲ್ಲ" ಎಂದೆ.

"ನಾಳೆ ಒಂದು ಮದುವೆ ಫೋಟೋ ತೆಗೆಯೋದಿದೆ ಮಿಸ್. ಕಟ್ಟು ಹಾಕೋಕೂ ಟೈಮ್ ಬೇಕು."

"ತೆಗೆಸ್ಕೊಳ್ಳಿ ಅತ್ತೆ. ಈ ಮನೇಲಿ ಒಬ್ರದ್ದಾದ್ರೂ ಇವತ್ತು ಆಗ್ಲಿ" ಎಂದಳು ಆರಾಧನಾ, ಪರದೆಯಿಂದ ಕಣ್ಣು ತೆಗೆಯದೆ.

ಅವಳಿಗೆ ಎದುರಾಗಿ, ಕಿಟಕಿಯ ಬೆಳಕಿನಲ್ಲಿ ಕುರ್ಚಿ ಹಾಕಿದರು. ಹಿಂದೆ ಶೀನಣ್ಣ ತಮ್ಮ ಬಿಳಿ ಪಂಚೆಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ನಿಂತರು. ಮಧುಸೂದನ್ ಬಗ್ಗಿ ಕ್ಯಾಮೆರಾದೊಳಗೆ ನೋಡಿದ.

"ಗಲ್ಲ ಸ್ವಲ್ಪ ಕೆಳಗೆ ಮಿಸ್. ಹಾಂ. ರೆಡಿ."

ಕಣ್ಣು ಮುಚ್ಚಿತು. ಇನ್ನೊಮ್ಮೆ ರೆಡಿ ಎಂದ, ಇನ್ನೊಮ್ಮೆ ಮುಚ್ಚಿತು. ಹನ್ನೊಂದು ಸಲ ಆಯಿತು. ಶೀನಣ್ಣನ ಕೈ ಸೋತು ಪಂಚೆ ನನ್ನ ತಲೆಯ ಮೇಲೆ ಇಳಿಯತೊಡಗಿತು.

"ಮಿಸ್, ಭಯ ಪಡ್ಬೇಡಿ" ಎಂದ ಮಧುಸೂದನ್.

ಬೆಳಿಗ್ಗೆಯಿಂದ ಕಟ್ಟಿಕೊಂಡಿದ್ದ ಕೋಪವೆಲ್ಲ ಆ ಬಡಪಾಯಿಯ ಮೇಲೆ ಹೋಯಿತು.

"ಭಯ ಯಾರಿಗೋ? ನನ್ನ ಮದುವೇಲಿ ನಿಮ್ಮಪ್ಪನೂ ಹೀಗೇ ರೆಡಿ ರೆಡಿ ಅಂತ ಅಂದೂ ಅಂದೂ ಅರವತ್ತೆಂಟು ಫೋಟೋ ಕೆಡಿಸ್ದ. ನೀನು ಹೇಳೋವರ್ಗೂ ನನ್ನ ಕಣ್ಣು ತೆಗ್ದೇ ಇರತ್ತೆ. ಹೇಳಿದ ತಕ್ಷಣ ಮುಚ್ಕೊಳ್ಳತ್ತೆ. ನನ್ನ ಕಣ್ಣಲ್ಲಿ ಏನೂ ದೋಷ ಇಲ್ಲ. ನೀವು ಹೇಳೋದೇ ದೋಷ. ಯಾಕೆ ಹೇಳ್ತೀಯ?"

ಮಧುಸೂದನ್ ತಲೆ ಕೆರೆದುಕೊಂಡ. "ಅಪ್ಪನ ಕಾಲದ ಕ್ಯಾಮೆರಾಗೆ ಹೇಳ್ಲೇಬೇಕಿತ್ತು ಮಿಸ್. ಜನ ಅಲ್ಲಾಡಿದ್ರೆ ಫೋಟೋ ಹಾಳಾಗೋದು. ಈಗಿನದ್ದಕ್ಕೆ ಬೇಕಾಗಿಲ್ಲ. ಅಭ್ಯಾಸ, ಬಾಯಿಗೆ ಬಂದ್ಬಿಡತ್ತೆ."

"ಅತ್ತೆ" ಎಂದಳು ಆರಾಧನಾ.

ಅವಳ ದನಿ ಬದಲಾಗಿತ್ತು. ತಿರುಗಿ ನೋಡಿದರೆ ನನ್ನನ್ನೇ ದಿಟ್ಟಿಸುತ್ತಿದ್ದಳು.

"ಈಗ ಹೇಳಿದ್ದು ಇನ್ನೊಂದ್ಸಲ ಹೇಳಿ."

"ಕಣ್ಣಲ್ಲಿ ದೋಷ ಇಲ್ಲ, ಹೇಳೋದೇ ದೋಷ ಅಂದೆ. ಅವನನ್ನ ಬೈದೆ, ನಿನ್ನನ್ನಲ್ಲ."

ಅವಳು ಆಗಲೇ ಪರದೆಯ ಕಡೆ ತಿರುಗಿದ್ದಳು. "ಕಶ್ಯಪ್, ಪ್ರತಿ ಸಲ ಹೊಡೆಯೋಕೆ ಮುಂಚೆ ನಮ್ಮ ಕಂಟ್ರೋಲ್ ಪೆಟ್ಟಿಗೆಯಿಂದ ಕ್ಯಾಮೆರಾಗೆ ಒಂದು ಸಿಗ್ನಲ್ ಹೋಗತ್ತಲ್ಲ. ಅದರ ಹೆಸರೇನು?"

"ರೆಡಿ. ನೀನೇ ಇಟ್ಟಿದ್ದು."

"ಯಾಕೆ ಕಳಿಸ್ತಿದೀವಿ ಅದನ್ನ?"

"ನಮ್ಮ ಲ್ಯಾಬ್ ಕ್ಯಾಮೆರಾ ಹಳೇದಲ್ವಾ. ಮೊದ್ಲೇ ಹೇಳದೆ ಇದ್ರೆ ಅದು ಏಳ್ತಿರ್ಲಿಲ್ಲ."

"ಅಲ್ಲಿನ ಕ್ಯಾಮೆರಾಗೆ ಬೇಕಾ?"

ಸಾವಿರಾರು ಮೈಲಿಯಾಚೆ ಕಶ್ಯಪ್ ತಿರುಗಿ ಹಿಂದಿನ ತಂತಿಗಳ ರಾಶಿಯನ್ನು ನೋಡಿದ. ಆಮೇಲೆ ನಿಧಾನವಾಗಿ, "ಬೇಕಾಗಿಲ್ಲ" ಎಂದ. ಇನ್ನೂ ನಿಧಾನವಾಗಿ, "ಆ ತಂತಿ ಸೂಜಿ ಅಲುಗಿಸೋ ಬಿಲ್ಲೆಯ ತಂತಿ ಪಕ್ಕದಲ್ಲೇ ಹೋಗ್ತಿದೆ" ಎಂದ.

ನನಗೂ ಅರ್ಥವಾಗುವಂತೆ ಅವಳು ಆಮೇಲೆ ಬಿಡಿಸಿ ಹೇಳಿದಳು. ರೆಡಿ ಎಂಬ ಆ ಸಣ್ಣ ವಿದ್ಯುತ್ತು ಪಕ್ಕದ ತಂತಿಗೂ ತಗುಲಿ, ಬಿಲ್ಲೆ ಬೆಚ್ಚಿ, ಸರಿಯಾಗಿ ಹೊಡೆಯುವ ಹೊತ್ತಿಗೆ ಹನಿ ಚೂರೇ ಚೂರು ಪಕ್ಕಕ್ಕೆ ಸರಿಯುತ್ತಿತ್ತು. ಬೆಂಗಳೂರಿನ ಲ್ಯಾಬಿನಲ್ಲಿ ಬೆಳಕು ಅಗಲ, ಆದ್ದರಿಂದ ಆ ಚೂರು ಲೆಕ್ಕಕ್ಕೆ ಬಂದಿರಲಿಲ್ಲ. ಅಲ್ಲಿನ ಎಕ್ಸ್‌ರೇ ಕೂದಲಿನ ನೂರರಲ್ಲಿ ಒಂದು ಪಾಲಿನಷ್ಟು ಸಣ್ಣ, ಅದಕ್ಕೆ ಆ ಚೂರೇ ಗಾವುದ ದೂರ. ನಿಲ್ಲಿಸಿ ನೋಡಿದಾಗ ರೆಡಿ ಹೋಗುತ್ತಿರಲಿಲ್ಲ, ಹನಿ ನೆಟ್ಟಗೆ ಬೀಳುತ್ತಿತ್ತು. ಅಂದರೆ ಅವಳ ಹನಿಗೂ ನನ್ನದೇ ಕಾಯಿಲೆ.

"ಆ ತಂತಿ ಕಿತ್ಹಾಕು" ಎಂದಳು ಆರಾಧನಾ. "ಹನಿಗೆ ಏನೂ ಹೇಳ್ಬೇಡ. ಅದರ ಪಾಡಿಗೆ ಅದು ಬೀಳ್ತಿರ್ಲಿ, ನಮ್ಮ ಪಾಡಿಗೆ ನಾವು ಹೊಡೀತಿರೋಣ. ಎಲ್ಲಾ ತಾಗ್ಬೇಕಾಗಿಲ್ಲ, ಸಿಕ್ಕಿದಷ್ಟು ಸಿಗಲಿ."

ತಂತಿ ಕೀಳುವುದು ಹೇಳಿದಷ್ಟು ಸುಲಭವಲ್ಲ. ಎಕ್ಸ್‌ರೇ ಇರುವ ಕೋಣೆಯ ಬಾಗಿಲು ತೆರೆಯಲು ಯಂತ್ರದವರ ಅಪ್ಪಣೆ ಬೇಕು, ಒಳಗೆ ಯಾರೂ ಉಳಿದಿಲ್ಲವೆಂದು ನೋಡಿ ಮತ್ತೆ ಮುಚ್ಚಬೇಕು. ಇಪ್ಪತ್ತು ನಿಮಿಷ ಹಿಡಿಯಿತು. ಶೀನಣ್ಣ ಪಂಚೆಯನ್ನು ಹಾಗೇ ಹಿಡಿದುಕೊಂಡು ನಿಂತಿದ್ದರು, ಇಳಿಸಬಹುದೆಂದು ಯಾರೂ ಅವರಿಗೆ ಹೇಳಿರಲಿಲ್ಲ. ಮಧುಸೂದನ್‌ನಿಗೆ ವಿಷಯ ಏನೆಂದು ತಿಳಿಯದಿದ್ದರೂ ಏನೋ ನಡೆಯುತ್ತಿದೆ ಎಂದು ತಿಳಿದು ಕ್ಯಾಮೆರಾ ಅಪ್ಪಿಕೊಂಡು ಕಾದ. ನಾನು ಕುರ್ಚಿಯಲ್ಲಿ ಕೂತಲ್ಲೇ ಕೂತು ಅವಳ ಮುಖವನ್ನು ನೋಡುತ್ತಿದ್ದೆ. ಅವಳ ಪರದೆಯ ಅಂಕಿ ನನಗೆ ಕಾಣುತ್ತಿರಲಿಲ್ಲ, ಮುಖದಲ್ಲೇ ಓದಬೇಕಿತ್ತು. ದೇವರೇ, ಈ ಮಗುವಿಗೆ ಇದೊಂದು ಆಗಲಿ, ನನ್ನ ಫೋಟೋ ಹಾಳಾಗಿ ಹೋಗಲಿ ಎಂದುಕೊಂಡೆ. ನಿಜವಾಗಿ ಹಾಗೆಯೇ ಅಂದುಕೊಂಡೆ.

"ಬಾಗಿಲು ಮುಚ್ತು. ಶುರು" ಎಂದ ಕಶ್ಯಪ್.

ಆರಾಧನಾ ಪರದೆಯ ಮೂಲೆಯ ಅಂಕಿಯತ್ತ ಬಾಗಿದಳು. ಅವಳ ತುಟಿ ಅಲುಗುತ್ತಿತ್ತು.

"ಒಂದು" ಎಂದಳು. ಆಮೇಲೆ, "ನಾಲ್ಕು." ಆಮೇಲೆ, "ಹದಿನೇಳು, ಅತ್ತೆ." ಆಮೇಲೆ ಎಣಿಸುವುದನ್ನು ಬಿಟ್ಟು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಕಣ್ಣಿಂದ ನೀರು ಇಳಿಯುತ್ತಿತ್ತು, ನಗುತ್ತಿದ್ದಳು. ಕಂಪ್ಯೂಟರಿನಲ್ಲಿ ಕಶ್ಯಪ್ ಯಾರ ಜೊತೆಗೋ ಕೈ ಕುಲುಕುವ ಗದ್ದಲ ಕೇಳಿಸಿತು.

ನಾನು ಎದ್ದು ಹೋಗಿ ನೋಡಿದೆ. ಕಪ್ಪು ಪರದೆಯ ಮೇಲೆ ಬಳೆಯೊಳಗೆ ಬಳೆಯಂತೆ ಬೆಳಕಿನ ಸುತ್ತುಗಳು.

"ಇದ್ರಲ್ಲಿ ಬೆಳ್ಳಿ ಎಲ್ಲಿದೆ?"

"ಇದನ್ನ ಲೆಕ್ಕ ಮಾಡಿದ್ರೆ ಬೆಳ್ಳಿ ಬರತ್ತೆ ಅತ್ತೆ. ತುಂಬಾ ಲೆಕ್ಕ."

"ಹಾಗಾದ್ರೆ ಸರಿ" ಎಂದು ಅವಳ ತಲೆ ಸವರಿದೆ. ಲೆಕ್ಕಕ್ಕೆ ಬಂದರೆ ಅವಳು ಬಿಡುವವಳಲ್ಲ.

ಇನ್ನೂ ಏಳು ಗಂಟೆ ಬಾಕಿಯಿತ್ತು. ಎಕ್ಸ್‌ರೇ ಬಡಿಯುತ್ತ ಹೋಯಿತು, ಅವಳು ಎರಡು ತಟ್ಟೆ ಹುಳಿಯನ್ನ ತಿಂದಳು. ಮುಗಿಯುವ ಹೊತ್ತಿಗೆ ಲಕ್ಷಕ್ಕೂ ಮೀರಿ ಫೋಟೋ ಸಿಕ್ಕಿದ್ದವು. ಮೂರು ವರ್ಷಕ್ಕೆ ಸಾಕಾಗುವಷ್ಟು ಕೆಲಸ ಎಂದು ಹೇಳಿ, ಅದನ್ನೇ ದೊಡ್ಡ ಸುಖವೆಂಬಂತೆ ನಿದ್ದೆ ಹೋದಳು.

ಮಧುಸೂದನ್ ಯಾವಾಗ ಹೋದನೋ ನಾನು ನೋಡಿರಲಿಲ್ಲ. ಭಾನುವಾರ ಬೆಳಿಗ್ಗೆ ಕಟ್ಟು ಹಾಕಿಸಿದ ಫೋಟೋವನ್ನು ಪೇಪರಿನಲ್ಲಿ ಸುತ್ತಿಕೊಂಡು ನೇರ ಸ್ಕೂಲಿಗೇ ಬಂದ. ಆರಾಧನಾಳನ್ನು ಆಟೋದಲ್ಲಿ ಕೂರಿಸಿಕೊಂಡು ನಾವೂ ಹೋಗಿದ್ದೆವು. ಅವನು ಬಿಚ್ಚಿ ತೋರಿಸಿದ.

ಫೋಟೋದಲ್ಲಿ ಹಿಂದಿನ ಪಂಚೆ ಓರೆಯಾಗಿದೆ, ಅಂಚಿನಲ್ಲಿ ಶೀನಣ್ಣನ ನಾಲ್ಕು ಬೆರಳು ಕಾಣುತ್ತವೆ. ನನ್ನ ಕನ್ನಡಕ ಮೂಗಿನ ತುದಿಗೆ ಜಾರಿದೆ, ಬಾಯಿ ಅರ್ಧ ತೆರೆದಿದೆ. ಕಣ್ಣುಗಳೂ ತೆರೆದಿವೆ, ಎರಡೂ.

"ನಾನು ಏನೂ ಹೇಳ್ಲಿಲ್ಲ ಮಿಸ್" ಎಂದ ಮಧುಸೂದನ್. "ಆ ಹುಡುಗಿ ಹದಿನೇಳು ಅಂದಾಗ ತೆಗ್ದೆ."

ಶೈಲಜಮ್ಮ ಮುಂದೆ ಬಂದು ನೋಡಿದರು. "ಚೆನ್ನಾಗಿದೆ ಗೋದಮ್ನೋರೆ. ಆದ್ರೆ ನೀವು ಕ್ಯಾಮೆರಾ ಕಡೆ ನೋಡ್ತಾ ಇಲ್ಲ. ಬಾಯಿ ಬೇರೆ ತೆಗ್ದಿದೆ. ಬೇರೆ ಹೆಡ್‌ಮಿಸ್‌ಗಳೆಲ್ಲ ಎಷ್ಟು ಗಂಭೀರವಾಗಿದಾರೆ ನೋಡಿ. ಇನ್ನೊಂದು ತೆಗೆಸೋಣ್ವಾ?"

ನಾನು ಫೋಟೋವನ್ನೇ ನೋಡುತ್ತಿದ್ದೆ. ನನ್ನ ಕಣ್ಣನ್ನು ನಾನು ನೋಡಿಲ್ಲವೆಂದಲ್ಲ. ಆದರೆ ಕನ್ನಡಿಯ ಮುಂದೆ ನಾನು ನೋಡಿಕೊಳ್ಳುವುದು ಹಣೆಯ ಕುಂಕುಮ ನೆಟ್ಟಗಿದೆಯೇ ಎಂದು, ಅದೂ ಹುಬ್ಬು ಗಂಟಿಕ್ಕಿಕೊಂಡು. ಇದು ಆ ಕಣ್ಣಲ್ಲ. ಈ ಫೋಟೋದ ಹೆಂಗಸು ಎದುರಿಗಿರುವ ಒಂದು ಮಗುವನ್ನು ನೋಡುತ್ತಿದ್ದಾಳೆ. ಅವಳಿಗೆ ಆ ಮಗುವೆಂದರೆ ಪ್ರಾಣ. ಅದು ಯಾರಿಗಾದರೂ ಕಾಣುವಂತಿದೆ. ಮೂವತ್ತೊಂದು ವರ್ಷ ನನ್ನ ಮುಂದೆ ಕೂತ ಹುಡುಗಿಯರಿಗೆ ನನ್ನ ಮುಖ ಯಾವತ್ತಾದರೂ ಹೀಗೆ ಕಂಡಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಕಂಡಿದ್ದರೆ ಒಳ್ಳೆಯದು ಎಂದುಕೊಂಡೆ.

"ಇನ್ನೊಂದು ಬೇಡ. ಇದನ್ನೇ ಹಾಕಿ" ಎಂದೆ.

ಮಧುಸೂದನ್ ಬೆಂಚು ಹತ್ತಿ ಫೋಟೋವನ್ನು ಆ ಮೊಳೆಗೆ ಸಿಕ್ಕಿಸಿದ. ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಎಂದು ಶೀನಣ್ಣ ಕೆಳಗಿನಿಂದ ಹೇಳುತ್ತಿದ್ದರು. ಆಮೇಲೆ ಅವನು ಇಳಿದು, ಎಲ್ಲರದ್ದೂ ಒಂದು ಗ್ರೂಪ್ ಫೋಟೋ ಆಗಲಿ ಎಂದು ನಮ್ಮನ್ನು ಅದರ ಕೆಳಗೆ ಸಾಲಾಗಿ ನಿಲ್ಲಿಸಿದ. ಆರಾಧನಾ ಊರುಗೋಲು ಬಿಟ್ಟು ನನ್ನ ಹೆಗಲು ಹಿಡಿದುಕೊಂಡಳು. ಅವನು ಕ್ಯಾಮೆರಾ ಎತ್ತಿದ, ಬಾಯಿ ತೆರೆದ, ಏನೋ ನೆನಪಾಗಿ ಮುಚ್ಚಿಕೊಂಡ.

"ರೆಡಿನಾ?" ಎಂದರು ಶೀನಣ್ಣ, ನನ್ನ ಪಕ್ಕದಿಂದ.

ಆ ಫೋಟೋ ನಮ್ಮ ಮನೆಯ ಹಾಲಿನಲ್ಲಿದೆ. ಅದರಲ್ಲಿ ನಾನು ಕಣ್ಣು ಮುಚ್ಚಿದ್ದೇನೆ. ನನ್ನ ತಲೆಯ ಮೇಲೆ ಗೋಡೆಯಲ್ಲಿರುವ ಇನ್ನೊಬ್ಬ ಗೋದಾ ಮಾತ್ರ ಕಣ್ಣು ತೆರೆದು, ನನ್ನ ಹೆಗಲು ಹಿಡಿದು ನಿಂತ ಹುಡುಗಿಯ ಕಡೆ ನೋಡುತ್ತಿದ್ದಾಳೆ.